ಮಂಡಕ್ಕಿಗೆ ಏಳು ಪ್ರಶ್ನೆ ಗುರುತು

ವೆಬ್‌ಸೈಟು, ಆ್ಯಪುಗಳ ಬ್ಯಾಕೆಂಡ್ ಅಂದ್ರೇನು ಅಂತ ಹೇಳಿಕೊಡುವ ಪ್ರತಿ ವಿಡಿಯೋದಲ್ಲೂ ಒಂದು ಹೋಟೆಲ್ ಬರುತ್ತದೆ. ಗಿರಾಕಿ ಕೂತಿರುತ್ತಾನೆ. ಸಪ್ಲೈಯರ್ ಬಂದು ಆರ್ಡರ್ ತಗೊಂಡು ಒಳಗೆ ಹೋಗುತ್ತಾನೆ. ಕಾಣುವ ಟೇಬಲ್ಲು ಕುರ್ಚಿ ಫ್ರಂಟೆಂಡ್, ಕಾಣದ ಅಡುಗೆಮನೆ ಬ್ಯಾಕೆಂಡ್. ಬೇರೆ ಊರಿನವರಿಗೆ ಇದು ತಕ್ಷಣ ಅರ್ಥ ಆಗುತ್ತೇನೋ. ದಾವಣಗೆರೆಯವರಿಗೆ ಕಷ್ಟ. ನಾನು ಬೆಣ್ಣೆ ದೋಸೆ ತಿನ್ನುವ ಹೋಟೆಲಿನಲ್ಲಿ ಹೆಂಚು ಇರುವುದೇ ಬಾಗಿಲ ಪಕ್ಕ. ಸೌದೆ ಒಲೆ, ಹೊಗೆ, ಹಿಟ್ಟಿನ ಪಾತ್ರೆ, ಬೆಣ್ಣೆ ಮುದ್ದೆ, ಹಣೆ ಒರೆಸಿಕೊಳ್ಳುತ್ತಾ ದೋಸೆ ಹುಯ್ಯುವವರು, ಎಲ್ಲಾ ದಾಟಿಕೊಂಡೇ ಟೇಬಲ್ಲಿಗೆ ಹೋಗಬೇಕು. ಇಡೀ ಬ್ಯಾಕೆಂಡು ರಸ್ತೆಗೇ ಕಾಣುತ್ತದೆ. ಹಾಗಾಗಿ ನಾನು ಮೊದಲ ಪಾಠದಲ್ಲೇ ಫೇಲು.

ಮಕ್ಕಳು ಹೈಸ್ಕೂಲಿಗೆ ಹೋದ ಮೇಲೆ ಮಧ್ಯಾಹ್ನದ ಹೊತ್ತು ಖಾಲಿ ಇತ್ತು. ಹದಿನಾಲ್ಕು ವರ್ಷದ ಹಿಂದೆ ಮಾಡಿದ ಬಿಎಸ್ಸಿ ಬೀರುವಿನಲ್ಲಿ ಮಲಗಿತ್ತು. ಬ್ಯಾಕೆಂಡ್ ಕೋಡಿಂಗ್ ಕಲಿತು ಕೆಲಸಕ್ಕೆ ಸೇರೋಣ ಅಂತ ಹೊರಟೆ. ಮೊದಲ ಎರಡು ತಿಂಗಳು ಯಾವ ಕಂಪ್ಯೂಟರ್ ಭಾಷೆ ಕಲೀಬೇಕು ಅನ್ನೋದನ್ನೇ ಕಲಿತೆ. ಒಬ್ಬರು ಜಾವಾ ಅಂದರು, ಇನ್ನೊಬ್ಬರು ಪೈಥಾನ್ ಅಂದರು, ಮೂರನೆಯವರು ಅವೆರಡೂ ಹಳೇದಾಯ್ತು ಗೋ ಕಲೀರಿ ಅಂದರು. ಕೊನೆಗೆ ಜಾವಾಸ್ಕ್ರಿಪ್ಟ್ ಹಿಡಿದೆ. ಕಾರಣ ದೊಡ್ಡದೇನಲ್ಲ, ಆ ಕೋರ್ಸಿಗೆ ಅವತ್ತು ಡಿಸ್ಕೌಂಟ್ ಇತ್ತು.

ಬ್ಯಾಕೆಂಡ್ ಕಲಿಯುವವರ ದೊಡ್ಡ ಕಷ್ಟ ಅಂದ್ರೆ ತೋರಿಸೋಕೆ ಏನೂ ಇರುವುದಿಲ್ಲ. ಕಸೂತಿ ಕಲಿತರೆ ದಿಂಬಿನ ಕವರ್ ತೋರಿಸಬಹುದು. ನಾನು ಮೂರು ವಾರ ಒದ್ದಾಡಿ ಮೊದಲ ಸರ್ವರ್ ಓಡಿಸಿದ ದಿನ ಖುಷಿ ತಡೆಯಲಾರದೆ ಮನೆಯ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದೆ. ಲೋಕಲ್‌ಹೋಸ್ಟ್, 3000ನೇ ಪೋರ್ಟು. ಯಾರಿಗೂ ತೆರೆಯಲಿಲ್ಲ. ನೆಟ್‌ವರ್ಕ್ ಇಲ್ಲ ಅಂತ ಒಬ್ಬರು. ಚಿತ್ರದುರ್ಗದ ಚಿಕ್ಕಮ್ಮ ಮಾತ್ರ ತಮ್ಮ ಫೋನಿನಲ್ಲಿ ಜಾಗ ಸಾಲದೇನೋ ಅಂತ ಮೊಮ್ಮಗನ ನಾಮಕರಣದ ಫೋಟೋಗಳನ್ನೆಲ್ಲಾ ಅಳಿಸಿ ಮತ್ತೆ ಪ್ರಯತ್ನಿಸಿದರಂತೆ.

ಆಮೇಲೆ ಗೊತ್ತಾಯಿತು. ಲೋಕಲ್‌ಹೋಸ್ಟ್ ಅಂದರೆ 127.0.0.1, ಅಂದರೆ 'ಇದೇ ಯಂತ್ರ'. ಕಾಗದದ ಮೇಲೆ ವಿಳಾಸ ಬರೆಯುವ ಜಾಗದಲ್ಲಿ 'ನಮ್ಮನೆ' ಅಂತ ಬರೆದ ಹಾಗೆ. ಯಾರು ಓದಿದರೂ ಅವರವರ ಮನೆಯೇ ಆಗುತ್ತದೆ. ಚಿಕ್ಕಮ್ಮನ ಫೋನು ನನ್ನ ಸರ್ವರನ್ನು ಪಾಪ ತನ್ನೊಳಗೇ ಹುಡುಕುತ್ತಿತ್ತು. ಆ ಫೋಟೋಗಳ ವಿಷಯ ಈಗಲೂ ನಮ್ಮಿಬ್ಬರ ಮಧ್ಯೆ ಸರಿಹೋಗಿಲ್ಲ.

ಸಂಜೆ ನಮ್ಮನೆಯವರು ಬಂದು ಲ್ಯಾಪ್‌ಟಾಪ್ ಮುಂದೆ ಕೂತರು. ಬಿಳಿ ಪರದೆ. ಮೇಲ್ಗಡೆ ಎಡಮೂಲೆಯಲ್ಲಿ ಎರಡು ಹೂವಿನ ಬ್ರಾಕೆಟ್ಟು, ನಡುವೆ 'ಸ್ಟೇಟಸ್, ಓಕೆ'.

"ಇಷ್ಟೇನಾ?"

"ಇದರ ಹಿಂದೆ ಬಹಳ ಕೆಲಸ ಆಗಿದೆ ರೀ."

ಅವರು ಎದ್ದು ಲ್ಯಾಪ್‌ಟಾಪಿನ ಹಿಂದೆ ಬಗ್ಗಿ ನೋಡಿದರು. ತಮಾಷೆಗೆ ಅಂತ ಇವತ್ತಿಗೂ ಹೇಳುತ್ತಾರೆ.

ನನ್ನ ಕಲಿಕೆ ನಿಜವಾಗಿ ಶುರುವಾಗಿದ್ದು ಮೈದುನನಿಂದ. ಅವನದು ಮಂಡಕ್ಕಿ ಸಗಟು ವ್ಯಾಪಾರ. ಭಟ್ಟಿಯಿಂದ ಚೀಲಗಟ್ಟಲೆ ತಂದು ಖಾರಾ ಮಂಡಕ್ಕಿ ಗಾಡಿಯವರಿಗೆ, ಸಣ್ಣ ಹೋಟೆಲಿನವರಿಗೆ ಹಾಕುತ್ತಾನೆ. ಅರ್ಧ ನಗದು, ಅರ್ಧ ಉದ್ರಿ. "ಅತ್ಗೆ, ಹೆಂಗೂ ಕಲೀತಿದೀರಲ್ಲ, ನಮ್ ಉದ್ರಿ ಲೆಕ್ಕಕ್ಕೊಂದು ಮಾಡಿಕೊಡ್ರಿ" ಅಂದ. ಬಿಟ್ಟಿ ಗಿರಾಕಿ ಸಿಕ್ಕ ಖುಷಿಗೆ ಒಪ್ಪಿಕೊಂಡೆ.

ಮನೆಯಲ್ಲಿ ಇನ್ನೊಬ್ಬರಿದ್ದಾರೆ, ನಮ್ಮ ಮಾವ. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದಲ್ಲಿ ಒಂದು ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆದವರು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿದೆ, ಇವರ ಪೆನ್ನು ಮುಚ್ಚಿಲ್ಲ. ಮೈದುನನ ಅಂಗಡಿಯ ದಿನದ ಲೆಕ್ಕದ ಕಿರ್ದಿ, ಗಿರಾಕಿವಾರು ಖತಾವಣಿ ಬರೆಯುತ್ತಿದ್ದವರು ಅವರೇ. ಅಂದರೆ ನಾನು ಕಿತ್ತುಕೊಳ್ಳಲು ಹೊರಟಿದ್ದು ಮಾವನ ಕೆಲಸ. ಇದು ನನಗೆ ಆಗ ಹೊಳೆಯಲಿಲ್ಲ. ಅವರಿಗೆ ಮೊದಲ ದಿನವೇ ಹೊಳೆದಿತ್ತು.

"ಈ ಡೇಟಾಬೇಸ್ ಯಾರು ಕಂಡುಹಿಡಿದಿದ್ದಮ್ಮಾ?" ಅಂತ ಕೇಳಿದರು. ಸಾಲು, ಕಂಬ ಹಾಕಿ ಲೆಕ್ಕ ಇಡುವ ಈ ಪದ್ಧತಿಯನ್ನು ಎಡ್ಗರ್ ಕಾಡ್ ಅನ್ನೋರು 1970ರಲ್ಲಿ ಬರೆದು ಪ್ರಕಟಿಸಿದರು ಅಂದೆ. ಮಾವ ಗಿರಣಿಗೆ ಸೇರಿದ್ದು 1971ರಲ್ಲಿ. "ಹಂಗಾರೆ ನನಗಿಂತ ಒಂದೇ ವರ್ಷ ಸೀನಿಯರ್ರು" ಅಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಡಬಲ್ ಎಂಟ್ರಿ ಐತಾ?" ಅಂದರು.

"ಒಂದೇ ಒಂದು ಡಬಲ್ ಎಂಟ್ರಿ ಆಗದ ಹಾಗೆ ನೋಡ್ಕೊಂಡಿದೀನಿ ಮಾವ" ಅಂದೆ ಹೆಮ್ಮೆಯಿಂದ.

ಮಾವನ ಮುಖ ಬಾಡಿತು. 1494ರಲ್ಲೇ ಇಟಲಿಯ ಲೂಕಾ ಪಚೋಲಿ ಅಚ್ಚು ಹಾಕಿಸಿದ, ಅಲ್ಲಿಂದ ಇಲ್ಲಿವರೆಗೆ ಜಗತ್ತಿನ ಅಂಗಡಿಗಳನ್ನೆಲ್ಲಾ ಹಿಡಿದು ನಿಲ್ಲಿಸಿರುವ, ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿಯನ್ನು ಸೊಸೆ ಒಂದು ಮಧ್ಯಾಹ್ನದಲ್ಲಿ ತೆಗೆದು ಹಾಕಿದ್ದಳು.

ಮೊದಲ ವಾರ ಮೈದುನ ಫೋನಿನಲ್ಲೇ ಲೆಕ್ಕ ಬರೆದ. ಶನಿವಾರ ಪಟ್ಟಿ ತೆಗೆದು ನೋಡಿದರೆ ಹೆಸರಿನ ಜಾಗದಲ್ಲೆಲ್ಲಾ ಪ್ರಶ್ನೆ ಗುರುತು. ಸರಕಿನ ಜಾಗದಲ್ಲೂ ಅಷ್ಟೇ. 'ಮಂಡಕ್ಕಿ' ಅಂತ ಇರಬೇಕಾದಲ್ಲಿ ಒಂದರ ಪಕ್ಕ ಒಂದು, ಎಣಿಸಿದರೆ ಏಳು. ಯಾಕೆ ಏಳು ಅಂತ ಒಂದು ರಾತ್ರಿ ಕೂತು ತಲೆ ಕೆರೆದುಕೊಂಡೆ. ನಮ್ಮ ಕಣ್ಣಿಗೆ ಅದು ಮೂರಕ್ಷರ. ಕಂಪ್ಯೂಟರಿಗೆ ಮ, ಸೊನ್ನೆ, ಡ, ಕ, ಹಲಂತ, ಇನ್ನೊಂದು ಕ, ಗುಡಿಸು. ಏಳು ತುಂಡು. ಮಂಡಕ್ಕಿಯನ್ನು ಇಷ್ಟು ನಿಧಾನವಾಗಿ ಯಾರೂ ತಿಂದಿರಲಾರರು.

ತಪ್ಪು ನನ್ನದೇ. ಹಳೇ ವಿಡಿಯೋ ನೋಡಿ, ಡೇಟಾಬೇಸ್ ನಡೆಸುವ ಹಳೇ ಮೈಎಸ್‌ಕ್ಯುಎಲ್ ಹಾಕಿಕೊಂಡಿದ್ದೆ. 8ನೇ ಆವೃತ್ತಿಗೆ ಮುಂಚೆ ಅದಕ್ಕೆ ನಾವಾಗಿ ಏನೂ ಹೇಳದಿದ್ದರೆ ಲ್ಯಾಟಿನ್ ಲಿಪಿಯ ಕೋಷ್ಟಕವನ್ನೇ ಮಾಡಿಕೊಡುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಗೊತ್ತಿಲ್ಲದ ಅಕ್ಷರ ಬಂದರೆ ಪ್ರಶ್ನೆ ಗುರುತು ಬರೆದು ಮುಂದೆ ಹೋಗುತ್ತಿತ್ತು. ಬರೆದಿದ್ದು ಮತ್ತೆ ಕನ್ನಡವಾಗಿ ವಾಪಸ್ ಬರುವುದೂ ಇಲ್ಲ. ಮಾವ ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. "ಇವರೆಲ್ಲಾ ದುಡ್ಡು ಕೊಡ್ತಾರೋ ಇಲ್ಲೋ ಅಂತ ಕಂಪ್ಯೂಟ್ರಿಗೂ ಅನುಮಾನ ಬಂದಂಗೈತಿ."

ಎಲ್ಲಾ ಲಿಪಿಗೂ ಜಾಗವಿರುವ ಯುಟಿಎಫ್-8ಕ್ಕೆ ಬದಲಾಯಿಸಿದೆ. ಕನ್ನಡ ಬಂತು. ಎರಡೇ ದಿನ. ಸರಿಯಾಗಿ ಬಾಕಿ ಕಟ್ಟದ ಗಿರಾಕಿಗಳ ಹೆಸರಿನ ಮುಂದೆ ಮೈದುನ ಗುರುತಿಗೆ ಅಂತ ಮೆಣಸಿನಕಾಯಿಯ ಎಮೋಜಿ ಹಾಕತೊಡಗಿದ. ಮತ್ತೆ ಎಲ್ಲಾ ಕೆಟ್ಟಿತು. ಮೈಎಸ್‌ಕ್ಯುಎಲ್‌ನಲ್ಲಿ ಯುಟಿಎಫ್-8 ಅಂತ ಹೆಸರಿಟ್ಟುಕೊಂಡಿದ್ದು ಒಂದು ಅಕ್ಷರಕ್ಕೆ ಮೂರೇ ಬೈಟ್ ಕೊಡುತ್ತಿತ್ತು. ಕನ್ನಡಕ್ಕೆ ಅದು ಸಾಕು. ಎಮೋಜಿಗೆ ನಾಲ್ಕು ಬೇಕು. ಅದಕ್ಕೆ ಬೇರೆಯದೇ ಹೆಸರಿನ ಇನ್ನೊಂದು ಇದೆ, ಅದನ್ನು ಹಾಕಬೇಕಿತ್ತು. ಹೆಸರು ಒಂದು, ಒಳಗೆ ಇನ್ನೊಂದು. ದಾವಣಗೆರೆಯ ಒಂದು ಮೆಣಸಿನಕಾಯಿ ಇಷ್ಟು ಪಾಠ ಕಲಿಸಿತು.

ಈಗ ಹೇಳಲು ಮುಜುಗರವಾಗುವ ಭಾಗ.

ಗುಂಡಿ ಸರ್ಕಲ್ ಹತ್ತಿರ ಗಾಡಿ ಹಾಕುವವರೊಬ್ಬರು ಬಾಕಿ ಪೂರ್ತಿ ತೀರಿಸಿದರು. ಅವರ ಲೆಕ್ಕ ಸೊನ್ನೆ ಮಾಡಬೇಕಿತ್ತು. ಎರಡು ಸಾಲು ಬರೆದೆ. ಮೇಲಿನ ಸಾಲು, ಬಾಕಿಯನ್ನು ಸೊನ್ನೆ ಮಾಡು. ಕೆಳಗಿನ ಸಾಲು, ಇವರದ್ದು ಮಾತ್ರ. ಮೌಸಿನಲ್ಲಿ ಮೇಲಿನ ಸಾಲನ್ನಷ್ಟೇ ಆರಿಸಿ ಓಡಿಸಿಬಿಟ್ಟೆ. ಇಂಥ ಎಡವಟ್ಟು ತಡೆಯಲೆಂದೇ ಆ ತಂತ್ರಾಂಶದಲ್ಲಿ ಸೇಫ್ ಅಪ್‌ಡೇಟ್ ಅಂತ ಒಂದು ಟಿಕ್ ಮಾರ್ಕು ಇರುತ್ತದೆ. ಪದೇ ಪದೇ ಅಡ್ಡ ಬರುತ್ತದೆ ಅಂತ ಹಿಂದಿನ ದಿನ ನಾನೇ ತೆಗೆದಿದ್ದೆ.

ಪರದೆ ಹೇಳಿತು, 64 ಸಾಲು ಬದಲಾಗಿದೆ. ಅಂದರೆ 64 ಸಾಲ ಮನ್ನಾ. ಯಾವ ಸರ್ಕಾರವೂ ಇಷ್ಟು ಬೇಗ ಮಾಡಿಲ್ಲ.

ರೋಲ್‌ಬ್ಯಾಕ್ ಅಂತ ಒಂದಿದೆ, ಓದಿದ್ದೆ. ಓದಿದ್ದು ಪೂರ್ತಿ ಓದಿರಲಿಲ್ಲ. ಮೊದಲೇ ವ್ಯವಹಾರ ಶುರು ಅಂತ ಹೇಳಿ ಆಮೇಲೆ ಬದಲಾಯಿಸಿದರೆ ಮಾತ್ರ ಅದು ವಾಪಸ್ ಬರುತ್ತದೆ. ಇಲ್ಲದಿದ್ದರೆ ಒಂದೊಂದು ಆಜ್ಞೆಯೂ ಅಲ್ಲೇ ಖಾಯಂ. ಬ್ಯಾಕಪ್ಪಿನ ಪಾಠ ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೆ. ಅಂಗೈ ಬೆವರಿತು. ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತು ಬಂದೆ. ಬಂದು ನೋಡಿದರೂ ಎಲ್ಲರದ್ದೂ ಸೊನ್ನೆಯೇ.

ಮಾವನಿಗೆ ಹೇಳದೆ ವಿಧಿ ಇರಲಿಲ್ಲ. ಅವರು ಬೈಯಲಿಲ್ಲ. ಮಂಚದ ಕೆಳಗಿಂದ ಕೆಂಪು ಬೈಂಡಿನ ಪುಸ್ತಕ ಎಳೆದರು. ನಾನು ಕಂಪ್ಯೂಟರ್ ಶುರು ಮಾಡಿದ ದಿನದಿಂದ ಅವತ್ತಿನ ಬೆಳಗಿನವರೆಗೆ ಒಂದು ದಿನವೂ ತಪ್ಪದೆ ಕಿರ್ದಿ ಬರೆದಿಟ್ಟಿದ್ದರು. "ಸುಮ್ನೆ, ಟೈಂಪಾಸಿಗೆ" ಅಂದರು, ನನ್ನ ಮುಖ ನೋಡದೆ.

ರಾತ್ರಿ ಒಂದು ಗಂಟೆವರೆಗೂ ಅವರು ಓದಿದರು, ನಾನು ಒತ್ತಿದೆ. ನಡುವೆ ಒಂದು ಪುಟದಲ್ಲಿ ಕೆಂಪು ಇಂಕಿನ ಸಾಲು ಬಂತು. ಏನಿದು ಅಂದೆ. "ಅವತ್ತು ಎರಡು ಚೀಲ ಜಾಸ್ತಿ ಬರೆದಿದ್ದೆ. ಅಳಿಸೋ ಹಂಗಿಲ್ಲಲ್ಲ. ಕೆಳಗೆ ಉಲ್ಟಾ ಎಂಟ್ರಿ ಹಾಕಿದೆ." ಆಮೇಲೆ ನನ್ನ ಕೋಷ್ಟಕ ನೋಡಿ, "ಬಾಕಿ ಅಂತ ಒಂದು ಅಂಕಿ ಬರೆದಿಟ್ಟು ಅದನ್ನೇ ತಿದ್ದುತಾ ಕೂತಿದೀಯಲ್ಲಮ್ಮಾ. ಬಾಕಿ ಬರೆಯೋದಲ್ಲ, ಕೂಡಿ ತೆಗೆಯೋದು" ಅಂದರು. ಮೂರು ವಾರದ ನಂತರ, ದುಡ್ಡು ಕೊಟ್ಟ ಕೋರ್ಸಿನ 41ನೇ ಪಾಠದಲ್ಲಿ ಒಬ್ಬ ಗಡ್ಡದ ಹುಡುಗ ಇದೇ ಮಾತನ್ನು ಇಂಗ್ಲಿಷಿನಲ್ಲಿ ದೊಡ್ಡ ರಹಸ್ಯದಂತೆ ಹೇಳಿದ. ಬಾಕಿಯ ಕಂಬ ಕಿತ್ತು ಹಾಕಿ ಬರೀ ಕಿರ್ದಿ ಉಳಿಸಿಕೊಂಡೆ. ತಿದ್ದುವ ಬಟನ್ನನ್ನೂ ತೆಗೆದೆ.

ಮೈದುನನ ಮುಂದಿನ ಬೇಡಿಕೆ, ಬಾಕಿಯವರಿಗೆ ಎಸ್ಸೆಮ್ಮೆಸ್. ಬೆಂಗಳೂರಿನ ಹುಡುಗಿಯರು ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡುತ್ತಾರೇನೋ. ನನಗೆ ದೂರಸಂಪರ್ಕ ನಿಯಂತ್ರಿಸುವ ಟ್ರಾಯ್ ನಿಯಮದ ಪ್ರಕಾರ ಸಂದೇಶದ ಒಕ್ಕಣೆ ನೋಂದಾಯಿಸುವುದಕ್ಕೇ ದಿನಗಟ್ಟಲೆ ಹಿಡಿಯಿತು. ಕೊನೆಗೆ ಪ್ರತಿ ಸೋಮವಾರ ಸಂಜೆ 6ಕ್ಕೆ ತಾನಾಗಿ ಹೋಗುವಂತೆ ಕ್ರಾನ್ ಇಟ್ಟೆ. ಸೋಮವಾರ 6 ಆಯಿತು, ಏನೂ ಹೋಗಲಿಲ್ಲ. 7 ಆಯಿತು. ನಾಳೆ ನೋಡೋಣ ಅಂತ ಮಲಗಿದೆ.

ರಾತ್ರಿ ಹನ್ನೊಂದೂವರೆಗೆ ಮೈದುನನ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು.

ಬಾಡಿಗೆ ಸರ್ವರಿನ ಗಡಿಯಾರ ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅದರ ಸಂಜೆ ಆರು ನಮ್ಮ ನಡುರಾತ್ರಿ. ಅದೂ ಒಂದೊಂದಲ್ಲ, ಒಬ್ಬೊಬ್ಬರಿಗೆ ಮೂರು ಮೂರು ಸಂದೇಶ. ಐದು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಮತ್ತೆ ಕಳಿಸು ಅಂತ ನಾನೇ ಬರೆದಿದ್ದೆ. ಮೊದಲನೆಯದು ತಲುಪಿತ್ತು, ತಲುಪಿತು ಅನ್ನೋ ಉತ್ತರ ಮಾತ್ರ ತಡವಾಗಿತ್ತು. ಮೈದುನನಿಗೆ ಇದನ್ನು ವಿವರಿಸಲು ಕಷ್ಟವಾಗಲಿಲ್ಲ. ಹಿಂದೊಮ್ಮೆ ಅವನ ಮಂಡಕ್ಕಿ ಆಟೋ ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿತ್ತು. ಹೋಟೆಲಿನವರು ಬಂದಿಲ್ಲ ಅಂತ ಫೋನ್ ಮಾಡಿದರು, ಇವನು ಇನ್ನೊಂದು ಆಟೋ ಕಳಿಸಿದ, ಗೇಟು ತೆಗೆದ ಮೇಲೆ ಎರಡೂ ಹೋಗಿ ಅಲ್ಲೇ ನಿಂತವು. "ಚೀಟಿ ನಂಬರ್ ನೋಡಿ ಒಂದನ್ನ ವಾಪಸ್ ಕಳಿಸಿದ್ರು" ಅಂದ. ನನ್ನ ಸಂದೇಶಗಳಿಗೂ ಅವತ್ತೇ ಚೀಟಿ ನಂಬರ್ ಹಾಕಿದೆ.

ಬೆಳಿಗ್ಗೆ ಆರಕ್ಕೆ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ನಾಲ್ಕು ಜನ ನಿಂತಿದ್ದರಂತೆ. ಜಗಳಕ್ಕಲ್ಲ. ಒಬ್ಬರು ಮಡಚಿದ ನೋಟು ಕೈಗಿಟ್ಟು, "ರಾತ್ರೋರಾತ್ರಿ ಮೂರು ಸಲ ಕೇಳಿದೀರಿ ಅಂದ್ರೆ ಮನೇಲಿ ಏನೋ ಕಷ್ಟ ಇರ್ಬೇಕು. ಯಾರು ಆಸ್ಪತ್ರೇಲಿ?" ಅಂದರಂತೆ. ಮಧ್ಯಾಹ್ನದೊಳಗೆ ಮೆಣಸಿನಕಾಯಿ ಗುರುತಿನವರೂ ಇಬ್ಬರು ಬಂದು ಹೋದರು.

ನಾನು ನಾಚಿಕೆಯಿಂದ ಸಮಯ ಸರಿ ಮಾಡಿದೆ. ಮುಂದಿನ ಸೋಮವಾರ ಸರಿಯಾಗಿ ಸಂಜೆ 6ಕ್ಕೆ, ಒಬ್ಬೊಬ್ಬರಿಗೆ ಒಂದೇ ಸಂದೇಶ ಹೋಯಿತು. ಕಲಿಯಲು ಶುರು ಮಾಡಿದ ಮೇಲೆ ನಾನು ಬರೆದಿದ್ದು ಬರೆದ ಹಾಗೇ ನಡೆದ ಮೊದಲ ದಿನ ಅದು.

ಗುರುವಾರ ಮೈದುನ ಮನೆಗೆ ಬಂದ. ಚಹಾ ಕುಡಿದು, ಲೋಟ ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅತ್ಗೆ, ನೀವು ಸರಿ ಮಾಡಿದ ಮೇಲೆ ಒಬ್ಬನೂ ಬಂದಿಲ್ಲ. ಆ ಹಳೇದನ್ನೇ ಹಾಕಿಬಿಡ್ರಿ."

ಮಾವ ಕಿರ್ದಿಯಿಂದ ತಲೆ ಎತ್ತಿದರು. "ಮೂರು ಸಲ ಬ್ಯಾಡ. ಎರಡು ಸಾಕು."