ಬಳಸಿದ ನೀರನ್ನು ಕುಡಿಯುವ ಮೊದಲು ನೀರುಗಂಟಿಯನ್ನು ಕೇಳಿ

ಕಳೆದ ವಾರ ಕುಮಟಾದ ನೆಂಟರ ಮನೆಯಲ್ಲಿ, ಬಳಸಿದ ನೀರನ್ನು ಶುದ್ಧಗೊಳಿಸಿ ಮತ್ತೆ ಕುಡಿಯಲು ಕೊಡುವ ವಿಷಯ ಎತ್ತಿದೆ. "ಊಟದ ಹೊತ್ತಿಗೆ ಇದೆಂಥ ಮಾತು ತಂಗೀ?" ಎಂದು ಹಿರಿಯರೊಬ್ಬರು ಎಲೆ ಬಿಟ್ಟು ಎದ್ದರು. ಅವರ ಅಸಹ್ಯ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಬಾವಿಯ ಕಥೆಯನ್ನು ಅವರಿಗೆ ಪೂರ್ತಿ ಹೇಳಬೇಕಿತ್ತು.

ನಮ್ಮ ಮನೆ ಅಘನಾಶಿನಿ ನದಿಯ ಗಜನಿಯ, ಅಂದರೆ ಉಪ್ಪುನೀರು ಏರುವ ಗದ್ದೆಬಯಲಿನ, ಅಂಚಿನಲ್ಲಿದೆ. ಆಯಿ ಮದುವೆಯಾಗಿ ಬಂದಾಗ ಸುತ್ತ ನಾಲ್ಕು ಮನೆಗಳಿದ್ದವು, ಈಗ ಹತ್ತೊಂಬತ್ತು. ಮನೆಗೊಂದು ಬಾವಿ, ಮನೆಗೊಂದು ಶೌಚಗುಂಡಿ. ಎರಡರ ನಡುವೆ ಇರುವುದು ಬರೀ ಮರಳು ಮತ್ತು ಚಿರೇಕಲ್ಲು. ನೀರಿಗೆ ಅವೆರಡೂ ತೆರೆದ ಬಾಗಿಲು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ, ಇಲ್ಲವೇ ನೀರು ಉಪ್ಪಾಗುತ್ತದೆ. ನಾವು ಬಳಸಿ ಬಿಟ್ಟ ನೀರನ್ನೇ ಆಗಲೂ ಈಗಲೂ ಸೇದಿ ಕುಡಿಯುತ್ತಿದ್ದೇವೆ. ಅದನ್ನು ಅಳೆಯುವವರಿಲ್ಲ, ಕಾಯುವವರಿಲ್ಲ.

ಆದ್ದರಿಂದ ನಾನು ಶುದ್ಧೀಕರಣದ ಪರ. ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದ ಇದನ್ನು ಮಾಡುತ್ತಿದೆ. ಆದರೆ ಸಣ್ಣ ಊರಿಗೆ ಸಡಿಲ ನಿಯಮ ಸಾಕು ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಸಣ್ಣ ಊರಿನಲ್ಲೇ ಅಪಾಯ ಹೆಚ್ಚು. ಅಡಿಕೆ ಕೊಳೆರೋಗಕ್ಕೆ ಹೊಡೆದ ಮೈಲುತುತ್ತಿನ ಬ್ಯಾರಲ್ ತೊಳೆದು ಚರಂಡಿಗೆ ಬಿಟ್ಟರೆ ಮಹಾನಗರದ ಕೊಳಚೆಯಲ್ಲಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. ನಮ್ಮಂಥ ಊರಿನ ಪುಟ್ಟ ಶುದ್ಧೀಕರಣ ಘಟಕಕ್ಕೆ ಅದೇ ದೊಡ್ಡ ಪೆಟ್ಟು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಶಿರಸಿಯಲ್ಲಿ ಸೇರುವ ಜನಸಾಗರವನ್ನು ನೆನೆಸಿಕೊಳ್ಳಿ. ಜೊತೆಗೆ ಆಷಾಢದ ಗಾಳಿಗೆ ಮರ ಬಿದ್ದು ಹೋಗುವ ಕರೆಂಟು.

ಕ್ಯಾಲಿಫೋರ್ನಿಯಾದಲ್ಲಿ ಶುದ್ಧಗೊಳಿಸಿದ ನೀರನ್ನು ನೆಲಕ್ಕಿಂಗಿಸಿ ಮತ್ತೆ ಎತ್ತಿ ಕುಡಿಯಲು ಕೊಡಬೇಕಾದರೂ, ಕೊಳಚೆಯಲ್ಲಿದ್ದ ವೈರಸ್‌ನಲ್ಲಿ ಲಕ್ಷ ಕೋಟಿಗೆ ಒಂದರಷ್ಟು ಮಾತ್ರ ಉಳಿಯಬಹುದು. ನೇರವಾಗಿ ಕೊಡುವುದಕ್ಕೆ 2023ರ ಡಿಸೆಂಬರ್‌ನಲ್ಲಿ ಒಪ್ಪಿದ ನಿಯಮ ಇನ್ನೂ ಬಿಗಿ. ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಒಂದನ್ನೇ ನಂಬುವಂತಿಲ್ಲ, ಒಂದರ ಹಿಂದೊಂದು ತಡೆಗಳಿರಬೇಕು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 10500, ನಲ್ಲಿಗೆ ಬಂದ ನೀರು ಹೇಗಿರಬೇಕೆಂದು ಹೇಳುತ್ತದೆ. ಒಂದು ತಡೆ ಕೆಟ್ಟರೆ ಎಷ್ಟು ನಿಮಿಷದಲ್ಲಿ ನೀರು ನಿಲ್ಲಬೇಕು, ನಡುರಾತ್ರಿ ಎದ್ದು ಹೋಗುವವರು ಯಾರು ಎಂಬುದು ಅದರಲ್ಲಿಲ್ಲ. ನೀರಿಗೆ ಮಲ ಸೇರಿದೆಯೇ ಎಂದು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ ಪರೀಕ್ಷೆಯ ಫಲಿತಾಂಶಕ್ಕೆ ಸುಮಾರು ಒಂದು ದಿನ ಬೇಕು, ಅಷ್ಟರಲ್ಲಿ ಕೊಡ ಖಾಲಿಯಾಗಿರುತ್ತದೆ. ಹಾಗಾಗಿ ಕದಡು, ಲವಣಾಂಶ, ಕ್ಲೋರಿನ್‌ಗಳನ್ನು ಬಿಡುವಿಲ್ಲದೆ ಅಳೆಯುತ್ತಿರಬೇಕು, ಅಳತೆ ತಪ್ಪಿದರೆ ವಾಲ್ವ್ ತಾನಾಗಿಯೇ ಮುಚ್ಚಿಕೊಳ್ಳಬೇಕು.

ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ನಮ್ಮೂರಿನ ನೀರುಗಂಟಿಯ ಕೈಯಲ್ಲಿ ಮೂರು ಪಂಪುಮನೆಗಳಿವೆ. ಒಂದರಲ್ಲಿ ಮೋಟರ್ ಸುಟ್ಟರೆ ಉಳಿದೆರಡಕ್ಕೆ ಹೋಗಲು ಅವರಿಗಾಗುವುದಿಲ್ಲ. ಬೇಸಿಗೆಯಲ್ಲಿ ಬ್ಲೀಚಿಂಗ್ ಪುಡಿಯ ಚೀಲ ತೋರಿಸಿ, "ಇದರಲ್ಲಿ ವಾಸನೆಯೇ ಉಳಿದಿಲ್ಲ, ಹಾಕಿ ಏನು ಮಾಡಲಿ ತಂಗೀ?" ಎಂದರು. ಕ್ಲೋರಿನ್ ಹಾರಿಹೋಗಿದೆ ಎಂಬುದು ಅವರಿಗೆ ಗೊತ್ತು, ಹೊಸ ಚೀಲ ತರಿಸುವ ಅಧಿಕಾರ ಅವರಿಗಿಲ್ಲ. ಇಂಥವರ ಹೆಗಲಿಗೆ ಇನ್ನೊಂದು ಘಟಕ ಹೊರಿಸಿ, ಉದ್ಘಾಟನೆಯ ಕಲ್ಲು ನೆಟ್ಟು ಹೋಗುವುದು ಅನ್ಯಾಯ.

ಟೆಕ್ಸಾಸ್‌ನ ಬಿಗ್ ಸ್ಪ್ರಿಂಗ್ ಎಂಬ ಸಾಧಾರಣ ಊರಿನಲ್ಲಿ 2013ರಲ್ಲಿ ಇಂಥ ಘಟಕ ಶುರುವಾಯಿತು. ಅದನ್ನು ನಡೆಸುವುದು ಆ ಊರಲ್ಲ, ಹಲವು ಊರುಗಳಿಗೆ ನೀರು ಕೊಡುವ ಪ್ರಾದೇಶಿಕ ಜಲಸಂಸ್ಥೆ. ನನ್ನ ಮನಸ್ಸಿಗೆ ಹಿಡಿದದ್ದು ಇದೇ. ಅಂಕೋಲಾ, ಕುಮಟಾ, ಹೊನ್ನಾವರ ಒಂದೊಂದೂ ಬೇರೆಯಾಗಿ ಪರಿಣತರನ್ನು ಇಟ್ಟುಕೊಳ್ಳಲಾರವು. ಮೂರೂ ಸೇರಿದರೆ ಇಟ್ಟುಕೊಳ್ಳಬಹುದು. ಪರವಾನಗಿ ಪಡೆದ ನಿರ್ವಾಹಕರು, ಪಾಳಿಯ ಮೇಲೆ ಕೆಲಸ, ನಿವೃತ್ತಿಯವರೆಗೆ ಖಾತ್ರಿಯ ಸಂಬಳ: ಇವಿಲ್ಲದ ಘಟಕಕ್ಕೆ ಅನುಮತಿಯನ್ನೇ ಕೊಡಬಾರದು.

ಜಲಜೀವನ ಮಿಷನ್ ಅಡಿಯಲ್ಲಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸುವ ಪದ್ಧತಿಯಿದೆ. ಮುಂದಿನ ಗ್ರಾಮಸಭೆಯಲ್ಲಿ ಆ ಕಿಟ್ ಹೊರತೆಗೆದು ಹತ್ತೊಂಬತ್ತು ಬಾವಿಗಳ ನೀರನ್ನೂ ನೋಡೋಣ ಎಂದು ಕೇಳುತ್ತೇನೆ. ಜೊತೆಗೆ ಹೊಸ ಚೀಲ ಬ್ಲೀಚಿಂಗ್ ಪುಡಿ, ಇನ್ನೊಬ್ಬ ನೀರುಗಂಟಿ. ಕುಮಟಾದ ಆ ಹಿರಿಯರನ್ನೂ ಕರೆದಿದ್ದೇನೆ. ಬರುತ್ತೇನೆ ಎಂದಿದ್ದಾರೆ.