ಮುಖದ ಸ್ಕ್ಯಾನ್, ಬಾಯಿಯ ಸ್ಕ್ಯಾನ್: ಎರಡನ್ನೂ ಜೋಡಿಸಲೇಬೇಕೆ?

ಪರ: ಲ್ಯಾಬಿಗೆ ಹಲ್ಲಿನ ಜೊತೆ ಮುಖವೂ ಹೋಗಲಿ

ಮಂಡ್ಯದ ಕ್ಲಿನಿಕ್ಕಿನಿಂದ ಕೃತಕ ಹಲ್ಲು ಮಾಡುವ ಮೈಸೂರಿನ ಲ್ಯಾಬಿಗೆ ಹೋಗುವ, ಬಾಯಿಯ 3ಡಿ ಆಕಾರವಿರುವ ಎಸ್‌ಟಿಎಲ್ ಫೈಲಿನಲ್ಲಿ ಹಲ್ಲಿರುತ್ತದೆ, ವಸಡಿರುತ್ತದೆ, ಮುಖ ಇರುವುದಿಲ್ಲ. ಕಣ್ಣಿನ ಗೆರೆ ಎಲ್ಲಿ, ಮೂಗಿನ ನಡು ಎಲ್ಲಿ, ನಕ್ಕರೆ ಮೇಲ್ದುಟಿ ಎಷ್ಟು ಏರುತ್ತದೆ, ಟೆಕ್ನೀಷಿಯನ್ನಿಗೆ ಒಂದೂ ಗೊತ್ತಿಲ್ಲ. ಪರದೆಯ ಮೇಲೆ ಹಲ್ಲಿನ ಸಾಲನ್ನು ತನಗೆ ನೆಟ್ಟಗೆ ಕಂಡ ಹಾಗೆ ಇಟ್ಟುಕೊಂಡು ಕೆಲಸ ಶುರು ಮಾಡುತ್ತಾನೆ. ಆ ಅಂದಾಜು 2 ಡಿಗ್ರಿ ವಾರೆಯಾದರೂ ಸಾಕು, 50 ಮಿ.ಮೀ. ಅಗಲದ ನಗುವಿನಲ್ಲಿ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 1.75 ಮಿ.ಮೀ. ಇಳಿದಿರುತ್ತದೆ. ಮಾಡೆಲ್ ಮೇಲೆ ಯಾರ ಕಣ್ಣಿಗೂ ಬೀಳದ ಈ ವಾರೆ, ವೆನೀರ್ (ಹಲ್ಲಿನ ಮುಂಭಾಗದ ತೆಳು ಹೊದಿಕೆ) ಅಂಟಿಸಿದ ದಿನ ಮನೆಯ ಕನ್ನಡಿಯಲ್ಲಿ ಕಾಣುತ್ತದೆ.

ಫೋಟೊ ಸಾಲದೆ? ಮೊಬೈಲನ್ನು ಹತ್ತಿರ ಹಿಡಿದು ತೆಗೆದ ಫೋಟೊದಲ್ಲಿ ಮೂಗು ಉಬ್ಬುತ್ತದೆ, ಕೆನ್ನೆ ಹಿಂದೆ ಸರಿಯುತ್ತದೆ. ಬಾಚಿಹಲ್ಲು ತುಟಿಯನ್ನು ಎಷ್ಟು ಮುಂದಕ್ಕೆ ತಳ್ಳುತ್ತಿದೆ ಎಂಬುದಂತೂ ಎದುರಿನಿಂದ ತಿಳಿಯುವುದೇ ಇಲ್ಲ.

ಮೊದಲು ಮೇಲಿನ ಸಾಲು, ಕೆಳಗಿನ ಸಾಲು, ಕಚ್ಚಿದ ಸ್ಥಿತಿ, ಮೂರನ್ನೂ ಬಾಯಿಯೊಳಗೆ ಸ್ಕ್ಯಾನ್ ಮಾಡಿ. ಹೊದಿಕೆ ಕೂರಿಸಲು ಡಾಕ್ಟರು ಹಲ್ಲನ್ನು ಅರೆದು ಸಣ್ಣ ಮಾಡುವ ಮುಂಚೆಯೇ ಇದು ಆಗಬೇಕು. ಅರೆದ ಮೇಲೆ ಹಲ್ಲಿನ ಆಕಾರ ಬದಲಾಗುತ್ತದೆ, ಮುಖದ ಸ್ಕ್ಯಾನಿನಲ್ಲಿರುವ ಹಲ್ಲಿಗೆ ಕೂರುವುದಿಲ್ಲ. ಅರೆದ ಸ್ಕ್ಯಾನನ್ನು ಆಮೇಲೆ ದವಡೆಹಲ್ಲು, ಅಂಗುಳಗಳ ಆಧಾರದ ಮೇಲೆ ಹಳೆಯ ಸ್ಕ್ಯಾನಿಗೆ ಕೂರಿಸಬಹುದು. ಎಲೆಅಡಿಕೆ ಹಾಕುವವರಾದರೆ ಒಂದು ವಾರ ಮುಂಚೆ ಹಲ್ಲು ಶುಚಿ ಮಾಡಿಸಿ. ಅದೇ ದಿನ ಮಾಡಿದರೆ ವಸಡಿನ ರಕ್ತ ಸ್ಕ್ಯಾನನ್ನು ಕೆಡಿಸುತ್ತದೆ.

ಮುಖದ ಸ್ಕ್ಯಾನೂ ಮೂರು: ತುಟಿ ಸಡಿಲ ಬಿಟ್ಟು ಒಂದು, ಪೂರ್ತಿ ನಕ್ಕು ಒಂದು, ತುಟಿ ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್ ಹಾಕಿ ಹಲ್ಲು ವಸಡು ಕಾಣುವಂತೆ ಒಂದು. ಕನ್ನಡಕ, ಝುಮುಕಿ ತೆಗೆಸಿ, ಕೂದಲನ್ನು ಬ್ಯಾಂಡಿನಿಂದ ಹಿಂದಕ್ಕೆ ಕಟ್ಟಿ. ಫೋನಿನ ಸ್ಕ್ಯಾನರ್ ಆದರೆ ತಲೆ ಅಲ್ಲಾಡದಿರಲಿ, ಫೋನೇ ಸುತ್ತಲಿ. ಹೊಳಪಿಲ್ಲದ ಸ್ಟಿಕ್ಕರ್ ಬಿಂದಿ ಹಣೆಯಲ್ಲಿದ್ದರೆ ಒಳ್ಳೆಯ ಗುರುತಾಗುತ್ತದೆ, ಕಲ್ಲಿನ ಬಿಂದಿ ಬೆಳಕು ಚೆಲ್ಲಿ ಕಾಟ ಕೊಡುತ್ತದೆ.

ಮೂರೂ ಮುಖಗಳನ್ನು ಹಣೆ ಮತ್ತು ಮೂಗಿನ ಸೇತುವೆಯ ಆಧಾರದ ಮೇಲೆ ಒಂದಕ್ಕೊಂದು ಕೂರಿಸಿ. ನಗು ಅಲುಗಿಸದ ಜಾಗ ಅವೆರಡೇ. ಬಳಿಕ ರಿಟ್ರ್ಯಾಕ್ಟರ್ ಮುಖಕ್ಕೆ ಮೇಲಿನ ಸಾಲನ್ನು ಜೋಡಿಸಿ: ಎರಡು ಕೋರೆಹಲ್ಲಿನ ತುದಿ, ನಡುವಿನ ಬಾಚಿಹಲ್ಲುಗಳು ಮುಟ್ಟುವ ಬಿಂದು. ಕೆಳಗಿನ ಸಾಲು ಕಚ್ಚಿದ ಸ್ಕ್ಯಾನಿನ ಮೂಲಕ ತಾನೇ ಹಿಂದೆ ಬರುತ್ತದೆ.

ಇಲ್ಲಿ ಎಡವುವುದು ಸಣ್ಣ ವಿಷಯಗಳಲ್ಲಿ. ಬಣ್ಣದ ಮುಖ ಎಂದರೆ ಆಕಾರದ ಒಬಿಜೆ, ಬಣ್ಣವನ್ನು ಆಕಾರಕ್ಕೆ ಜೋಡಿಸುವ ಎಂಟಿಎಲ್, ಬಣ್ಣದ ಚಿತ್ರ ಹೀಗೆ ಮೂರು ಫೈಲು. ಒಂದನ್ನೇ ವಾಟ್ಸಾಪಿಗೆ ಹಾಕಿದರೆ ಅಥವಾ ಹೆಸರು ಬದಲಿಸಿದರೆ ಲ್ಯಾಬಿನಲ್ಲಿ ತೆರೆಯುವುದು ಬೂದು ಗೊಂಬೆ. ಮೂರನ್ನೂ ಜಿಪ್ ಮಾಡಿ ಕಳಿಸಿ. ಫೋನಿನ ಆ್ಯಪ್ ಮೀಟರಿನಲ್ಲಿ ಉಳಿಸಿದ್ದು ಲ್ಯಾಬಿನಲ್ಲಿ ಮಿ.ಮೀ. ಎಂದು ತೆರೆದರೆ ಮುಖ ಸಾವಿರ ಪಟ್ಟು ಕುಗ್ಗಿ ಹಲ್ಲಿನ ಪಕ್ಕ ಚುಕ್ಕಿಯಾಗಿ ಕೂತಿರುತ್ತದೆ. ಅಳತೆ 1% ತಪ್ಪಿದರೂ 140 ಮಿ.ಮೀ. ಅಗಲದ ಮುಖದಲ್ಲಿ 1.4 ಮಿ.ಮೀ. ವ್ಯತ್ಯಾಸ. ಕೆನ್ನೆಗಳ ಮೇಲೆ ಎರಡು ಸ್ಟಿಕ್ಕರ್ ಅಂಟಿಸಿ, ನಡುವಿನ ದೂರವನ್ನು ಕ್ಯಾಲಿಪರಿನಲ್ಲೂ ಸ್ಕ್ಯಾನಿನಲ್ಲೂ ಅಳೆದರೆ ಇದು ಅಲ್ಲೇ ಸಿಕ್ಕಿಬೀಳುತ್ತದೆ.

ಹಲ್ಲಿಲ್ಲದ ಬಾಯಲ್ಲೂ ದಾರಿಯಿದೆ. ಹಲ್ಲಿನ ಸಾಲಿನ ಜಾಗದಲ್ಲಿ ಕೂರಿಸುವ ಮೇಣದ ಕಟ್ಟೆ ಬಾಯಲ್ಲಿದ್ದಾಗ ಮುಖದ ಸ್ಕ್ಯಾನ್, ಹೊರತೆಗೆದು ಕಟ್ಟೆಯದೇ ಸುತ್ತಲಿನ ಸ್ಕ್ಯಾನ್. ಕಟ್ಟೆಯೇ ಸೇತುವೆ.

ವಿರೋಧ: ಹಸಿರು ಬಂದರೆ ಕೂತಿತು ಅಂತಲ್ಲ

ಜೋಡಣೆ ಮುಗಿದಾಗ ತಂತ್ರಾಂಶ ಹಲ್ಲಿನ ಮೇಲೆ ಹಸಿರು ಬಣ್ಣ ತೋರಿಸುತ್ತದೆ. ಎಲ್ಲರೂ ಅಲ್ಲಿಗೇ ನಿಲ್ಲುತ್ತಾರೆ. ಆ ಹಸಿರು ಹೇಳುವುದು ಜೋಡಿಸಿದ ಜಾಗದ ಮಾತು ಮಾತ್ರ.

ಬಾಯಿಯ ಸ್ಕ್ಯಾನರ್ ನಾಲ್ಕಾರು ಹಲ್ಲುಗಳ ಮಟ್ಟಿಗೆ ಮೈಕ್ರಾನ್‌ಗಳ ಲೆಕ್ಕದಲ್ಲಿ ನಿಖರ. ಫೋನಿನ ಮುಖ ಸ್ಕ್ಯಾನಿನಲ್ಲಿ ಅರ್ಧ ಮಿ.ಮೀ. ಹೆಚ್ಚುಕಮ್ಮಿ ಮಾಮೂಲು, ಅದೂ ಒದ್ದೆ ಹೊಳಪಿನ ಹಲ್ಲಿನ ಮೇಲೆ. ಮುಖದಲ್ಲಿ ಕಾಣುವುದು ಸುಮಾರು 10 ಮಿ.ಮೀ. ಎತ್ತರದ ಮುಂಭಾಗದ ಹಲ್ಲಿನ ಸಾಲು. ಆ ಎತ್ತರದಲ್ಲಿ 0.5 ಮಿ.ಮೀ. ತಪ್ಪಿದರೆ ಹಲ್ಲಿನ ಸಾಲು ಸುಮಾರು 3 ಡಿಗ್ರಿ ಹಿಂದಕ್ಕೋ ಮುಂದಕ್ಕೋ ಬಾಗುತ್ತದೆ. 40 ಮಿ.ಮೀ. ಹಿಂದಿರುವ ದವಡೆಹಲ್ಲಿನಲ್ಲಿ ಅದು 2 ಮಿ.ಮೀ. ಮೇಲೆ ಅಥವಾ ಕೆಳಗೆ. ಮುಂದಿನ ಹಲ್ಲೆಲ್ಲ ಹಸಿರು, ಹಿಂದಿನ ಸಾಲು ಜಾರಿದೆ. ಬಾಯಿಂದ ಹೊರಚಾಚುವ ಗುರುತಿನ ಫೋರ್ಕ್ ಕಚ್ಚಿಸಿದರೆ ಆಧಾರ ಅಗಲವಾಗಿ ಇದು ತಗ್ಗುತ್ತದೆ, ನಿಜ. ಆದರೆ ಅದು ತುಟಿಯನ್ನು ತಳ್ಳುತ್ತದೆ, ಅಂದರೆ ನಾಲ್ಕನೇ ಮುಖದ ಸ್ಕ್ಯಾನ್. ಪ್ರತಿ ಜೋಡಣೆಯೂ ತನ್ನ ತಪ್ಪನ್ನು ಹಿಂದಿನದಕ್ಕೆ ಸೇರಿಸುತ್ತಾ ಹೋಗುತ್ತದೆ.

ಇನ್ನು ಆ ನಗು. ಡಾಕ್ಟರು 'ನಗಿ' ಎಂದಾಗ ಬರುವುದು ಮದುವೆ ಫೋಟೊದ ನಗು. ಮನಸಾರೆ ನಕ್ಕರೆ ತುಟಿ ಇನ್ನೂ ಏರುತ್ತದೆ, ಮುಚ್ಚಿಟ್ಟ ವಸಡು ಹೊರಬರುತ್ತದೆ. ಮಂಡ್ಯ ಕಡೆಯ ಹುರಿಮೀಸೆ ಇದ್ದರಂತೂ ಮೇಲ್ದುಟಿಯ ಅಂಚೇ ಸಿಗುವುದಿಲ್ಲ. ದಟ್ಟ ಕಪ್ಪು ಕೂದಲಿನ ಮೇಲೆ ಸ್ಕ್ಯಾನರಿನ ಬೆಳಕು ಸರಿಯಾಗಿ ಮರಳದು, ಅಲ್ಲೊಂದು ಗುಡ್ಡೆ ಎದ್ದಿರುತ್ತದೆ. ಆ ಗುಡ್ಡೆಯನ್ನೇ ತುಟಿ ಎಂದುಕೊಂಡು ಹಲ್ಲಿನ ಉದ್ದ ನಿರ್ಧರಿಸುವುದು ಹೇಗೆ? ಗುಟ್ಕಾ, ಅಡಿಕೆಯಿಂದ ಬಾಯಿ ಬಿಗಿದವರಿಗೆ ಸ್ಕ್ಯಾನರಿನ ತುದಿಯೇ ದವಡೆಹಲ್ಲಿನ ಹಿಂದಕ್ಕೆ ಹೋಗದು, ರಿಟ್ರ್ಯಾಕ್ಟರ್ ಮಾತು ಹಾಗಿರಲಿ.

ಫೇಸ್‌ಬೋ (ದವಡೆ ಕೀಲಿಗೆ ಹೋಲಿಸಿ ಮೇಲಿನ ಸಾಲಿನ ಜಾಗ ಹಿಡಿಯುವ ಸಾಧನ) ಇನ್ನು ಬೇಡವಾಗುತ್ತದೆ ಎಂದು ಕೆಲವರು ಹೇಳುವ ಮಾತೂ ಅರ್ಧವೇ ನಿಜ. ಮುಖದ ಸ್ಕ್ಯಾನ್ ಚರ್ಮ ತೋರಿಸುತ್ತದೆ, ದವಡೆ ಕೀಲನ್ನಲ್ಲ. ಕೀಲಿನ ಜಾಗವನ್ನು ಕಿವಿಯ ಮುಂದಿನ ಮೃದ್ವಸ್ಥಿಯ ಹಿಂಬದಿ ಅಂಚಿನಿಂದ ಕಣ್ಣಿನ ಹೊರತುದಿಯ ಕಡೆಗೆ 13 ಮಿ.ಮೀ. ಎಂದು ಊಹಿಸುವ ಹಳೆಯ ಲೆಕ್ಕವೇ ಇಲ್ಲೂ. ಊಹೆಯೇ ಆದರೆ ಫೇಸ್‌ಬೋ ಸಾಕು. ಮುಖ ಗುರುತು ಹಿಡಿಯಬಹುದಾದ ಮಾಹಿತಿ ಬೇರೆ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಅದನ್ನು ಒಪ್ಪಿಗೆಯಿಲ್ಲದೆ ಲ್ಯಾಬಿನ ವಾಟ್ಸಾಪ್ ಗುಂಪಿಗೆ ಹಾಕುವುದು ಹುಡುಗಾಟವಲ್ಲ.

ಇಡೀ ಬಾಯಿ ಮರುನಿರ್ಮಿಸುವಾಗ, ದವಡೆ ಶಸ್ತ್ರಚಿಕಿತ್ಸೆಗೆ ಯೋಜಿಸುವಾಗ ಜೋಡಿಸಲಿ, ತಕರಾರಿಲ್ಲ. ಒಂದೆರಡು ಕ್ರೌನಿಗೆ (ಇಡೀ ಹಲ್ಲಿಗೆ ಹಾಕುವ ಟೋಪಿ), ಪಕ್ಕದ ಹಲ್ಲು ಸರಿಯಿರುವ ನಾಲ್ಕು ವೆನೀರಿಗೆ ಬೇಡ. ಲ್ಯಾಬಿನ ವಿನ್ಯಾಸದಿಂದ ಸಿಲಿಕೋನ್ ಅಚ್ಚು ಮಾಡಿ, ತಾತ್ಕಾಲಿಕ ಹಲ್ಲಿಗೆ ಬಳಸುವ ಬಿಸ್-ಆಕ್ರಿಲ್ ತುಂಬಿ ಬಾಯಿಯಲ್ಲೇ ಮಾಕ್-ಅಪ್ (ಹೊಸ ಹಲ್ಲಿನ ತಾತ್ಕಾಲಿಕ ಮಾದರಿ) ಕೂರಿಸಿ. ಎದ್ದು ನಿಲ್ಲಿಸಿ, ಮಾತಾಡಿಸಿ. ಪುಸ್ತಕಗಳು 'ಫ' ಅನ್ನಿಸಲು ಹೇಳುತ್ತವೆ. ನಮ್ಮಲ್ಲಿ ಎಷ್ಟೋ ಮಂದಿ 'ಫೋನು' ಅನ್ನದೆ 'ಪೋನು' ಅನ್ನುತ್ತಾರೆ. ತುಟಿಗೆ ತುಟಿ ತಾಗುತ್ತದೆ, ಹಲ್ಲಿನ ಉದ್ದ ತಿಳಿಯದು. 'ವೀಳ್ಯದೆಲೆ' ಅನ್ನಿಸಿ. ಬಾಚಿಹಲ್ಲಿನ ತುದಿ ಕೆಳದುಟಿಯ ಒದ್ದೆ ಭಾಗ ಶುರುವಾಗುವ ಗೆರೆಯನ್ನು ಸೋಕಬೇಕು. ತುಟಿಗೆ ಒತ್ತಿದರೆ ಡಿಸ್ಕಿನಿಂದ ಅರ್ಧ ಮಿ.ಮೀ. ಉಜ್ಜಿ, ಇನ್ನೊಮ್ಮೆ ಅನ್ನಿಸಿ. ಸರಿಬಂದ ಮಾಕ್-ಅಪ್ಪನ್ನೇ ಸ್ಕ್ಯಾನ್ ಮಾಡಿ ಲ್ಯಾಬಿಗೆ ಕಳಿಸಿ.