ಹೊಲದಾಗ ಎಣ್ಣಿ ಬಿದ್ರ ದುಬೈ ಆಗ್ತೀವಂತ!

ಬೆಳಿಗ್ಗೆ ನವನಗರದಲ್ಲಿ ಚಹಾ ಕುಡೀತಾ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಹುಡುಗರು ಪೆಟ್ರೋಲ್ ರೇಟಿಗೆ ಬೈಯುತ್ತಿದ್ದರು. "ನಮ್ಮ ಹೊಲದಾಗ ಎಣ್ಣಿ ಬಿದ್ದಿದ್ರ ನಾವೂ ದುಬೈ ಆಗ್ತಿದ್ವಿ ನೋಡ್ರಿ ಕಾಕಾ" ಅಂದರು. ಕಾಕಾ ಅಂದಿದ್ದಕ್ಕೆ ಅರ್ಧ ಸಿಟ್ಟು, ದುಬೈ ಅಂದಿದ್ದಕ್ಕೆ ಇನ್ನರ್ಧ.

ದುಬೈ ಮೆರೆದಿದ್ದು ಹೆಚ್ಚಾಗಿ ಬಂದರು, ವ್ಯಾಪಾರದಿಂದ. ದುಬೈ ಇರುವ ಯುಎಇ ದೇಶದ ಎಣ್ಣೆ ಬಹುಪಾಲು ಇರೋದು ಪಕ್ಕದ ಅಬುಧಾಬಿಯಲ್ಲಿ. ಅದಿರಲಿ, ಎಣ್ಣೆ ಇರುವ ಆಫ್ರಿಕಾದ ನೈಜೀರಿಯಾ ಯಾಕೆ ಯಾರ ಕಣ್ಣಿಗೂ ಬೀಳಲ್ಲ?

ಅಲ್ಲಿ ಒಲೊಯಿಬಿರಿ ಅನ್ನೋ ಊರಲ್ಲಿ 1956ರಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿಯವರೆಗೆ ದೇಶ ನಡೆದಿದ್ದು ಶೇಂಗಾ, ಕೋಕೋ, ತಾಳೆಎಣ್ಣೆ ಮೇಲೆ. ಕಾನೋ ಪಟ್ಟಣದಲ್ಲಿ ರೈಲಿಗೆ ಹೋಗುವ ಶೇಂಗಾ ಚೀಲಗಳನ್ನು ಪಿರಮಿಡ್ಡಿನ ಹಾಗೆ ಒಟ್ಟುತ್ತಿದ್ದರು. ಆ ಹಳೇ ಫೋಟೋ ನೋಡಿದರೆ ನಮ್ಮ ಎಪಿಎಂಸಿ ದಲಾಲರಿಗೂ ಹೊಟ್ಟೆ ಉರಿಯಬೇಕು. 1970ರ ದಶಕದಲ್ಲಿ ಎಣ್ಣೆಯ ಡಾಲರ್ ಸುರಿಯಿತು. ಅವರ ನಾಣ್ಯ ಬಲವಾಯ್ತು. ಹೊರಗಿನ ಗೋಧಿ, ಅಕ್ಕಿ ಸೋವಿಯಾದವು, ಅವರ ರೈತನ ಮಾಲು ಹೊರಗೆ ತುಟ್ಟಿಯಾಯ್ತು. ಜನ ಹೊಲ ಬಿಟ್ಟು ಪಟ್ಟಣ ಹಿಡಿದರು. ಬರ ಬಂತು, 1975ರಲ್ಲಿ ಬೆಳೆಗೆ ರೋಗವೂ ಬಂತು, ಒಪ್ಪುತ್ತೇನೆ. ಆದರೆ ಬರ ನಮಗೇನು ಹೊಸದಾ? ಗಿಟ್ಟುತ್ತೆ ಅನ್ನೋ ಆಸೆ ಇದ್ದರೆ ರೈತ ಮರುವರ್ಷ ಮತ್ತೆ ಬಿತ್ತುತ್ತಾನೆ. ಆ ಆಸೆಯೇ ಹೋಗಿತ್ತು.

ಹೇಳೋಕೆ ನಾಚಿಕೆ, ಆದರೂ ಹೇಳ್ತೀನಿ. ಆಲಮಟ್ಟಿ ಹಿನ್ನೀರಿಗೆ ಹೊಲ ಹೋದಾಗ ನಮ್ಮನೆಗೂ ಪರಿಹಾರದ ದುಡ್ಡು ಬಂತು. ಜೀಪು ಬಂತು, ಎರಡು ಮದುವೆ ಜೋರಾಗಿ ಆದವು. ಈಗ ನಮ್ಮಣ್ಣ ಬೇರೆಯವರ ಹೊಲ ಲಾವಣಿ ಹಾಕಿಕೊಂಡು ಕಬ್ಬು ಬೆಳೀತಾನೆ. ಅವನೇನು ಸೋಮಾರಿಯಲ್ಲ.

ಇನ್ನೂ ಸಿಟ್ಟು ಬರೋದು ಏನಕ್ಕೆ ಅಂದ್ರೆ, ಕಚ್ಚಾತೈಲ ಮಾರುವ ಆ ದೇಶ ದಶಕಗಟ್ಟಲೆ ಪೆಟ್ರೋಲನ್ನು ಹೊರಗಿಂದ ತರಿಸಿತು! ಕಚ್ಚಾತೈಲದಿಂದ ಪೆಟ್ರೋಲ್ ತೆಗೆಯುವ ಸರ್ಕಾರಿ ರಿಫೈನರಿಗಳು ಹೆಸರಿಗಷ್ಟೇ ಇದ್ದವು. 2023ರ ಮೇ ತಿಂಗಳಲ್ಲಿ ಪೆಟ್ರೋಲ್ ಸಬ್ಸಿಡಿ ತೆಗೆದರು, ರೇಟು ಎರಡು ಪಟ್ಟು ದಾಟಿತು. ಎಣ್ಣೆ ಬಾವಿ ತೋಡಿದ್ದು ನೈಜರ್ ನದಿ ಸಮುದ್ರ ಸೇರುವ ಡೆಲ್ಟಾದಲ್ಲಿ, ಅಲ್ಲಿಯವರಿಗೆ ಸಿಕ್ಕಿದ್ದು ಜಿಡ್ಡುಗಟ್ಟಿದ ಹೊಳೆ. ಅದನ್ನು ಪ್ರಶ್ನಿಸಿದ ಲೇಖಕ ಕೆನ್ ಸಾರೋ-ವಿವಾ ಅವರನ್ನು ಮಿಲಿಟರಿ ಸರ್ಕಾರ 1995ರಲ್ಲಿ ಗಲ್ಲಿಗೆ ಹಾಕಿತು. ಎಣ್ಣೆ ದುಡ್ಡು ಇರುವಾಗ ಸರ್ಕಾರಕ್ಕೆ ಜನರ ತೆರಿಗೆಯೇ ಬೇಡ ಅಂದಮೇಲೆ ಜನರ ಮಾತು ಯಾಕೆ ಬೇಕು ಹೇಳಿ?

"ಎಣ್ಣೆಯಿಂದಲೇ ಉದ್ಧಾರ ಆದ ನಾರ್ವೆ ಇಲ್ವಾ ಸರ್?" ಅಂತ ಯಾರಾದ್ರೂ ಕೇಳಬಹುದು. ಇದೆಯಪ್ಪಾ. ಅಲ್ಲಿ 1969ರಲ್ಲಿ ಎಣ್ಣೆ ಸಿಗೋ ಮೊದಲೇ ಲೆಕ್ಕ ಕೇಳೋ ಜನ, ಲೆಕ್ಕ ಕೊಡೋ ಸರ್ಕಾರ ಇತ್ತು. 1990ರಲ್ಲಿ ಕಾನೂನು ಮಾಡಿ ದುಡ್ಡು ಎತ್ತಿಟ್ಟರು, ಅದನ್ನೂ ಹೊರದೇಶಗಳಲ್ಲಿ ಹೂಡಿದರು. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಬೋರ್‌ವೆಲ್ ಲೆಕ್ಕ ಕೇಳಿ ನೋಡಿ, ಆಮೇಲೆ ನಾರ್ವೆ ಮಾತಾಡೋಣ.